ಸೊಲ್ಲು ಹಿಡಿದವರು

ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಬ್ಬ ಉಜ್ಜಿನಿಯವನು, ಒಬ್ಬ ಕೋಗಳಿಯವನು, ಮತ್ತೊಬ್ಬ ಹರಪನಹಳ್ಳಿಯವನು, ಇನ್ನೊಬ್ಬ ಹಡಗಲಿಯವನು. ಕೊಟ್ಟೂರಿನಲ್ಲೇ ಹುಟ್ಟಿ ಅಲ್ಲೇ ಓದುತ್ತಿದ್ದ ನಾನು ‘ಊರವನು’. 2008ರಲ್ಲಿ ನಾವೆಲ್ಲ ಬಿ.ಎ. ಎರಡನೇ ವರ್ಷದಲ್ಲಿದ್ದೆವು. ಆ ನಾಲ್ವರೂ ತೇರುಬೀದಿಯ ಹಿಂದಿನ ಓಣಿಯಲ್ಲಿ ಹಳೆಯ ಮಾಳಿಗೆ ಮನೆಯೊಂದರ ಮುಂಗೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಊಟಕ್ಕೂ ನಿದ್ದೆಗೂ ಮನೆಗೆ ಹೋಗುತ್ತಿದ್ದ ನಾನು ಉಳಿದ ಹೊತ್ತೆಲ್ಲ ಆ ಕೋಣೆಯಲ್ಲೇ ಇರುತ್ತಿದ್ದೆ.

ಆಗ ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನೊಳಗಿತ್ತು. ನಮ್ಮದು ಬಳ್ಳಾರಿ ಜಿಲ್ಲೆ, ಹರಪನಹಳ್ಳಿಯವನದು ದಾವಣಗೆರೆ ಜಿಲ್ಲೆ. ‘ನೀನು ಬೇರೆ ಜಿಲ್ಲೆಯವನು’ ಎಂದು ಅವನನ್ನು ಕಾಡುತ್ತಿದ್ದೆವು. ಒಂದು ದಿನ ಇತಿಹಾಸದ ಮೇಷ್ಟ್ರು ಈ ಜಗಳಕ್ಕೆ ತೀರ್ಪು ಕೊಟ್ಟರು. ಶಾಸನಗಳಲ್ಲಿ ಕೋಗಳಿ 500 ಎಂಬ ನಾಡಿತ್ತು, ಅದು ನೊಳಂಬವಾಡಿ 32,000ದೊಳಗಿನದು, ಈ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಸೀಮೆಯೆಲ್ಲ ಆ ಒಂದೇ ನಾಡು ಎಂದರು. ಕೋಗಳಿಯಲ್ಲಿ ಗಂಗರ ದುರ್ವಿನೀತ ಕಟ್ಟಿಸಿದನೆಂದು ಶಾಸನ ಹೇಳುವ ಬಸದಿ ಇದೆ ಎಂದೂ ಹೇಳಿದರು. ಅವತ್ತು ಸಂಜೆ ಕೋಗಳಿಯವನು ಕೋಣೆಯ ನಡುವೆ ಕಾಲು ಚಾಚಿ ಕೂತು, “ಇನ್ನು ಮುಂದೆ ನೀವೆಲ್ಲಾ ನಮ್ಮೂರಿನವರೇ ಕಣ್ರಲೇ” ಎಂದ. ಹಾಗೆ ನಾವು ಒಂದೇ ನಾಡಿನವರಾದೆವು. ಆದರೆ ನಮ್ಮನ್ನು ನಿಜವಾಗಿ ಒಂದಾಗಿಸಿದ್ದು ಶಾಸನವಲ್ಲ, ಒಂದು ಹಾಡಿನ ಚಾನೆಲ್ಲು.

ಕೋಣೆಯಲ್ಲಿ ಟಿವಿ ಇರಲಿಲ್ಲ. ಟಿವಿ ಇದ್ದದ್ದು ಬೀದಿ ತಿರುವಿನ ಮಂಡಕ್ಕಿ ಅಂಗಡಿಯಲ್ಲಿ. ಕೊಟ್ಟೂರಿನ ಮಂಡಕ್ಕಿ ಮಿರ್ಚಿಯ ರುಚಿ ಈ ಸೀಮೆಯವರಿಗೆ ಹೇಳಿಕೊಡಬೇಕಾದ್ದಲ್ಲ. ಒಗ್ಗರಣೆ ಮಂಡಕ್ಕಿಯ ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಬಾಣಲೆಯಿಂದ ಆಗತಾನೆ ಎತ್ತಿದ ಎರಡು ಮಿರ್ಚಿ ಇಟ್ಟುಕೊಟ್ಟರೆ ಅರ್ಧ ಗಂಟೆ ಕೂರಲು ಹಕ್ಕು ಬಂದ ಹಾಗೆ. ನಾವು ಐದು ಜನಕ್ಕೆ ಮೂರು ಪ್ಲೇಟು ಹೇಳಿ ಒಂದೂವರೆ ಗಂಟೆ ಕೂರುತ್ತಿದ್ದೆವು. ಅಂಗಡಿಯ ಅಣ್ಣ ಒಂದು ದಿನವೂ ಏಳಿ ಎನ್ನಲಿಲ್ಲ. ಎಣ್ಣೆ ಹೊಗೆಗೆ ಪರದೆ ಹಳದಿಗಟ್ಟಿದ್ದ ಆ ಟಿವಿಯಲ್ಲಿ ಹಗಲಿಡೀ ಕನ್ನಡ ಹಾಡುಗಳು. ಉದಯ ಟಿವಿ ಬಳಗದವರು ಹಾಡಿಗೆಂದೇ ನಡೆಸುತ್ತಿದ್ದ ಚಾನೆಲ್ಲಿಗೆ ಆಗ ಯು2 ಎಂದು ಹೆಸರು. ಮುಂದೆ ಅದು ಉದಯ ಮ್ಯೂಸಿಕ್ ಆಯಿತು. ಐರ್ಲೆಂಡಿನಲ್ಲಿ 1976ರಲ್ಲಿ ಕಟ್ಟಿದ ದೊಡ್ಡ ರಾಕ್ ತಂಡವೊಂದಕ್ಕೂ ಅದೇ ಹೆಸರು ಎಂದು ನನ್ನಣ್ಣ ಹೇಳಿದಾಗ ನಮಗೆ ಬಹಳ ಹೆಮ್ಮೆಯಾಗಿತ್ತು, ಕಾರಣವೇ ಇಲ್ಲದ ಹೆಮ್ಮೆ.

ಅಣ್ಣನ ಮಾತು ಇಲ್ಲಿ ಹೇಳಲೇಬೇಕು. ಟಿವಿಯಲ್ಲಿ ತಂಡ ಕಟ್ಟಿಕೊಂಡು ಹಾಡುವವರ ಹುಚ್ಚು ನಮ್ಮ ಮನೆಗೆ ಬಂದದ್ದು ಅವನಿಂದ. 1998ರಲ್ಲಿ ನನಗೆ ಹತ್ತು ವರ್ಷ, ಅವನು ಪಿಯುಸಿ. ಓಣಿಗೆ ಆಗಷ್ಟೇ ಕೇಬಲ್ ಬಂದಿತ್ತು. ಮಾಳಿಗೆಯಿಂದ ಮಾಳಿಗೆಗೆ, ಬೇವಿನ ಮರದಿಂದ ವಿದ್ಯುತ್ ಕಂಬಕ್ಕೆ ಕಪ್ಪು ವೈರು ಹಾದುಹೋಗುತ್ತಿತ್ತು. ಅಮೆರಿಕದಲ್ಲಿ 1981ರ ಆಗಸ್ಟ್ 1ರಂದು ಎಂಟಿವಿ ಎಂಬ ಚಾನೆಲ್ ಶುರುವಾಯಿತಂತೆ, ರೇಡಿಯೊ ತಾರೆಯನ್ನು ವಿಡಿಯೊ ಕೊಂದಿತು ಎಂಬ ಅರ್ಥದ ಹಾಡನ್ನೇ ಅವರು ಮೊದಲು ಹಾಕಿದರಂತೆ ಎಂದು ಅಣ್ಣ ಕಥೆ ಹೇಳುತ್ತಿದ್ದ. ಆ ಎಂಟಿವಿ 1991ರಲ್ಲಿ ಸ್ಟಾರ್ ಬಳಗದೊಂದಿಗೆ ಭಾರತಕ್ಕೆ ಬಂತು. 1994ರಲ್ಲಿ ಆ ಜಾಗಕ್ಕೆ ಚಾನೆಲ್ ವಿ ಬಂತು. 1996ರಲ್ಲಿ ಎಂಟಿವಿ ತನ್ನದೇ ಭಾರತದ ಚಾನೆಲ್ಲು ಹಿಡಿದು ಮತ್ತೆ ಬಂತು. ನಮ್ಮ ಕಪ್ಪು ಬಿಳುಪು ಪೆಟ್ಟಿಗೆಯಲ್ಲಿ ಯೂಫೋರಿಯಾ ತಂಡದ ಪಲಾಶ್ ಸೇನ್ ಕುಣಿದದ್ದು, ಸಿಲ್ಕ್ ರೂಟ್ ತಂಡದವರು ಗಿಟಾರು ಹಿಡಿದು ಹಾಡಿದ್ದು ಆಗಲೇ. ಆ ತಂಡಗಳ ಧೂಮ್, ಬೂಂದೇ ಎರಡೂ ಅದೇ 1998ರ ಆಲ್ಬಮ್ಮುಗಳು. ಸಿನಿಮಾ ಇಲ್ಲದೆ, ನಾಯಕ ನಾಯಕಿ ಇಲ್ಲದೆ ನಾಲ್ಕೈದು ಹುಡುಗರು ಕೂಡಿ ಟಿವಿಯನ್ನು ಇಡಿಯಾಗಿ ತಮ್ಮದು ಮಾಡಿಕೊಳ್ಳಬಹುದು ಎನ್ನುವುದು ಅಣ್ಣನಿಗೆ ಬೆರಗು. ಅವನು ಕಿಟಕಿಯ ಸರಳನ್ನೇ ಗಿಟಾರಿನಂತೆ ಮೀಟುತ್ತಾ ಪಕ್ಕದಲ್ಲಿ ನಿಲ್ಲುತ್ತಿದ್ದ. ಹಾಡಿನ ಒಂದು ಮಾತೂ ನನಗೆ ಅರ್ಥವಾಗುತ್ತಿರಲಿಲ್ಲ. ಅಣ್ಣನ ಮುಖ ಮಾತ್ರ ಅರ್ಥವಾಗುತ್ತಿತ್ತು.

ಅದಾಗಿ ಹತ್ತು ವರ್ಷಕ್ಕೆ ಆ ಬೆರಗು ಕನ್ನಡದಲ್ಲಿ ಬಂತು.

ಸೈಕೋ ಸಿನಿಮಾದ ಮಹದೇಶ್ವರನ ಹಾಡು ಮೊದಲ ಸಲ ಅಂಗಡಿಯ ಟಿವಿಯಲ್ಲಿ ಬಂದಾಗ ಹಡಗಲಿಯವನ ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು. ಪೂಜೆಗೆಂದು ಗುಡಿಗೆ ಹೋದ ಹುಡುಗ ಅಲ್ಲಿ ಹುಡುಗಿಯನ್ನು ಕಂಡು, ಆ ಸಂಗತಿಯನ್ನು ದೇವರ ಹತ್ತಿರವೇ ಹೇಳಿಕೊಳ್ಳುವ ಹಾಡು. ಹಾಡುತ್ತಿದ್ದ ದನಿ ಸಿನಿಮಾ ದನಿಯ ಹಾಗಿರಲಿಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕರೆಯುವವನ ದನಿ. ಮಲೆ ಮಹದೇಶ್ವರ ನಮಗೆ ದೂರದ ದೇವರು, ಚಾಮರಾಜನಗರದ ಕಡೆಯ ಕಂಸಾಳೆಯವರ ದೇವರು. ಆದರೆ ಮೈಲಾರದ ಮಗ್ಗುಲ ಊರಿನ ಹಡಗಲಿಯವನು ಹುಟ್ಟಿದಾಗಿನಿಂದ ಗೊರವರ ಡಮರುಗ ಕೇಳಿದವನು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಂತಿರುವಾಗ ಬಿಲ್ಲೇರಿದ ಗೊರವಯ್ಯ ನುಡಿಯುವ ಕಾರ್ಣಿಕವನ್ನು ಅಪ್ಪನ ಹೆಗಲ ಮೇಲೆ ಕೂತು ಕೇಳಿದವನು. “ಇವನ್ಯಾರೋ ನಮ್ಮ ಜಾತ್ರೆ ನೋಡ್ಯಾನಲೇ” ಎಂದ. ಆ ಹಾಡಿನ ಹಿಂದಿದ್ದ ಗಿಟಾರನ್ನು ಅವನ ಕಿವಿ ಡಮರುಗವೆಂದೇ ಕೇಳಿಸಿಕೊಂಡಿತ್ತು.

ಆ ದನಿ ಮೈಸೂರಿನ ರಘು ದೀಕ್ಷಿತರದು. ಆ ಸಿನಿಮಾಕ್ಕೆ ಸಂಗೀತ ಕೊಟ್ಟವರೂ ಅವರೇ. ಆ ವರ್ಷ ಅದನ್ನು ಕೇಳದ ದಿನವಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ, ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಸಂಜೆ ಅಂಗಡಿಯ ಟಿವಿಯಲ್ಲಿ. ಗಣಪತಿ ಪೆಂಡಾಲಿನಲ್ಲೂ ಮಹದೇಶ್ವರನೇ. ಒಂದು ತಂಡ ಒಂದು ಹಾಡಿನ ಚಾನೆಲ್ಲನ್ನು ಗೆದ್ದುಕೊಳ್ಳುವುದು ಎಂದರೇನೆಂದು ಅಣ್ಣ ಹೇಳುತ್ತಿದ್ದನಲ್ಲ, ಅದನ್ನು ನಾವು ಕಣ್ಣಾರೆ ಕಂಡೆವು.

ಚಾನೆಲ್ಲಿಗೆ ಫೋನ್ ಮಾಡಿ ಬೇಕಾದ ಹಾಡು ಕೇಳುವ ಕಾರ್ಯಕ್ರಮಗಳಿದ್ದ ಕಾಲ ಅದು. ಲೈನು ಸಿಗುವುದೇ ಪುಣ್ಯ. ಹದಿನೈದು ದಿನ ಐದೂ ಜನ ಸರದಿಯ ಮೇಲೆ ಒತ್ತಿ, ಒಂದು ಸಂಜೆ ಉಜ್ಜಿನಿಯವನ ಫೋನು ತಗುಲಿತು. ಅಂಗಡಿಯ ಅಣ್ಣ ಸ್ಟೋವಿನ ಉರಿ ಸಣ್ಣ ಮಾಡಿದ. ಫೋನಿನಲ್ಲಿ ಆಡಿದ ಮಾತು ಟಿವಿಯಿಂದ ಕೇಳಿಸಿ ಕೂ ಎನ್ನತೊಡಗಿದಾಗ, ದನಿ ಕಡಿಮೆ ಮಾಡಲು ಹರಪನಹಳ್ಳಿಯವನು ಬೆಂಚು ಹತ್ತಿದ. ಎಲ್ಲಿಂದ ಮಾತಾಡ್ತಿದ್ದೀರಿ ಎಂದು ನಿರೂಪಕಿ ಕೇಳಿದರು. ಕೊಟ್ಟೂರು ಎಂದ. ಅದು ಎಲ್ಲಿ ಬರುತ್ತೆ ಎಂದರು. ಆಗ ಅವನು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: “ಮೇಡಂ, ನಮ್ಮ ಕೊಟ್ಟೂರು ಬಸವೇಶ್ವರನ ತೇರು ನೋಡಾಕ ಬರ್ರಿ, ಎಲ್ಲಿ ಬರ್ತೈತಿ ಅಂತ ಗೊತ್ತಾಗ್ತದ.” ಅವರು ನಕ್ಕು, ಖಂಡಿತ ಬರ್ತೀನಿ ಎಂದು ಹಾಡು ಹಾಕಿದರು. ಅವತ್ತು ಅಂಗಡಿಯ ಅಣ್ಣ ಮಿರ್ಚಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮೂರ ಹೆಸರು ಟಿವಿಯಲ್ಲಿ ಬಂತಲ್ಲ ಎಂದ.

ಸಿನಿಮಾ ಹಾಡಿನಾಚೆಗೆ ಆ ತಂಡದ್ದೇ ಬೇರೆ ಹಾಡುಗಳಿವೆ ಎಂದು ತಿಳಿದದ್ದು ಅಣ್ಣನಿಂದಲೇ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅವನು ದೀಪಾವಳಿಗೆ ಬಂದಾಗ ಒಂದು ಸಿ.ಡಿ. ತಂದಿದ್ದ. ಅದು 2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಮ್ಮು. ಆ ಮನುಷ್ಯನ ಕಥೆಯನ್ನು ಅಣ್ಣ ಪುರಾಣ ಹೇಳುವ ಹಾಗೆ ಹೇಳಿದ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದವನು, ಭರತನಾಟ್ಯ ಕಲಿತವನು. ಕಾಲೇಜಿನಲ್ಲಿ ಗೆಳೆಯನೊಬ್ಬನ ಜೊತೆ ಪಂಥ ಕಟ್ಟಿ ಗಿಟಾರು ಹಿಡಿದವನು. ಮೊದಲು ಅಂತರಾಗ್ನಿ ಎಂಬ ತಂಡ ಕಟ್ಟಿದ. ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದರೂ ಯಾರೂ ಆಲ್ಬಮ್ ತರಲಿಲ್ಲ. ಕೊನೆಗೆ ಹಿಂದಿ ಚಿತ್ರರಂಗದ ಸಂಗೀತ ಜೋಡಿ ವಿಶಾಲ್–ಶೇಖರ್ ಅವನ ಹಾಡು ಕೇಳಿ ತಮ್ಮ ಸಂಸ್ಥೆಯಿಂದಲೇ ಹೊರತಂದರು. ವೇದಿಕೆಗೆ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಬರುತ್ತಾನೆ. ಇದಿಷ್ಟನ್ನೂ ಕೇಳಿ ಕೋಗಳಿಯವನು, “ಲುಂಗಿ ಉಟ್ಕೊಂಡಾ? ಹಂಗಾದ್ರೆ ನಮ್ಮವನೇ” ಎಂದುಬಿಟ್ಟ.

ಎಂಟು ಹಾಡುಗಳಲ್ಲಿ ಹೆಚ್ಚಿನವು ಹಿಂದಿಯವು, ಒಂದು ಇಂಗ್ಲಿಷು. ಎರಡು ಮಾತ್ರ ಕನ್ನಡ. ಎರಡೂ ಶಿಶುನಾಳ ಶರೀಫರವು: ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನಿಯ ಮಾಳಿಗಿ’.

ಆ ಕೊನೆಯ ಹಾಡು ಕೇಳಿದ ರಾತ್ರಿಯನ್ನು ನಾನು ಮರೆಯಲಾರೆ. ಓಣಿಯ ಕಂಪ್ಯೂಟರ್ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ಸಿ.ಡಿ.ಯ ಹಾಡುಗಳನ್ನು ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡು ಕೋಣೆಗೆ ಬಂದಿದ್ದೆವು. ಹಿಂಗಾರಿನ ಮಳೆ. ಕರೆಂಟು ಹೋಗಿತ್ತು. ಕೋಣೆಯ ಮೂಲೆಯಲ್ಲಿ ಮಾಳಿಗೆ ಸೋರುತ್ತಿತ್ತು. ಹನಿ ಬೀಳುವಲ್ಲಿ ಹರಪನಹಳ್ಳಿಯವನು ಸ್ಟೀಲಿನ ಡಬರಿ ಇಟ್ಟಿದ್ದ. ಫೋನನ್ನು ಇನ್ನೊಂದು ಖಾಲಿ ಡಬರಿಯೊಳಗೆ ಇಟ್ಟರೆ ದನಿ ದೊಡ್ಡದಾಗುತ್ತದೆಂದು ನಮಗೆ ಗೊತ್ತಿತ್ತು. ಹಾಗೆ ಇಟ್ಟೆವು. ಒಂದು ಡಬರಿಯಲ್ಲಿ ಸೋರುವ ಮಾಳಿಗೆಯ ಹಾಡು, ಇನ್ನೊಂದು ಡಬರಿಯಲ್ಲಿ ಮಾಳಿಗೆಯ ಹನಿ.

ಈ ಹಾಡು ಹೊಸಬರಿಗೆ ಅರ್ಥದ ಹಾಡು ಇರಬಹುದು. ಮನೆಯೆಂದರೆ ದೇಹ, ಸೋರುವುದೆಂದರೆ ಆಯುಷ್ಯ, ಕತ್ತಲೆಂದರೆ ಅಜ್ಞಾನ. ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದ ನಮಗೆ ಮೊದಲು ಅದು ಮನೆಯ ಹಾಡು. ಮುಂಗಾರಿಗೆ ಮುಂಚೆ ಅಪ್ಪ ಬಂಡಿಯಲ್ಲಿ ಕರಲು ಮಣ್ಣು ತಂದು, ಮಾಳಿಗೆ ಹತ್ತಿ ಮೇಲುಮುದ್ದೆ ಹಾಕಿ ತುಳಿಯದಿದ್ದರೆ ಆ ಮಳೆಗಾಲವಿಡೀ ಅವ್ವನ ನಿದ್ದೆ ಹೋಯಿತೆಂದೇ ಲೆಕ್ಕ. ಬೆಳಕಿಂಡಿಗೆ ಮುಚ್ಚಿದ ಕಲ್ಲು ಸರಿದರೆ ನೀರು ನೇರ ಒಲೆಗೇ. ಯಾವ ತೊಲೆ ಗೆದ್ದಲು ಹಿಡಿದಿದೆ, ಯಾವ ಜಂತೆ ಸೊಟ್ಟಗಾಗಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತು. 1819ರಿಂದ 1889ರವರೆಗೆ ಬದುಕಿದ ಶರೀಫರು ನೋಡಿದ್ದೂ ಅಂಥ ಮಾಳಿಗೆಯನ್ನೇ. ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳ ನಮ್ಮಿಂದ ಬಹಳ ದೂರವೇನಲ್ಲ. ಮಳೆ, ಮಣ್ಣು, ಮಾಳಿಗೆ ಎಲ್ಲ ಒಂದೇ. ಆ ರಾತ್ರಿ ಡ್ರಮ್ಮು ಗಿಟಾರಿನ ನಡುವಿನಿಂದ ಆ ಮಾತುಗಳು ಬಂದಾಗ ನಾವು ಯಾರೂ ಮಾತಾಡಲಿಲ್ಲ. ಹಾಡು ಮುಗಿದ ಮೇಲೂ ಹನಿಯ ತಾಳ ನಿಲ್ಲಲಿಲ್ಲ.

ಕೊನೆಗೆ ಕತ್ತಲಲ್ಲಿ ಕೋಗಳಿಯವನ ದನಿ ಕೇಳಿಸಿತು. “ಇದು ನಮ್ಮಜ್ಜನ ಪದ.”

ಅವನ ಅಜ್ಜ ಊರಿನ ಭಜನೆ ಮೇಳದಲ್ಲಿ ಹಾಡುತ್ತಿದ್ದರು. ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ. ಬೆಳಗಿನ ಜಾವದ ತನಕ ತತ್ವಪದ. ಮೊಮ್ಮಗ ಚಿಕ್ಕವನಿದ್ದಾಗ ಅಜ್ಜನ ತೊಡೆಯ ಮೇಲೆ ತಲೆಯಿಟ್ಟು ಆ ಪದ ಕೇಳುತ್ತಲೇ ನಿದ್ದೆಹೋದವನು. ದೊಡ್ಡವನಾದ ಮೇಲೆ ಅದು ಮುದುಕರ ಹಾಡಾಗಿ ಕಂಡು ಕಟ್ಟೆಯ ಕಡೆಗೆ ಹೋಗುವುದನ್ನೇ ಬಿಟ್ಟಿದ್ದ. ನಾವೆಲ್ಲರೂ ಹಾಗೆಯೇ ಬಿಟ್ಟವರು. ಸಿ. ಅಶ್ವಥ್ ಅವರ ಕ್ಯಾಸೆಟ್ಟಿನಲ್ಲಿ, ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಲ್ಲಿ ಶರೀಫರನ್ನು ಕೇಳಿದ್ದೆವು, ನಿಜ. ಅದನ್ನು ಅಪ್ಪಂದಿರು ಕೇಳುತ್ತಿದ್ದರು, ನಾವು ಪಕ್ಕದಲ್ಲಿದ್ದೆವು ಅಷ್ಟೆ. ಈ ಸಲ ಆ ಪದ ನಮ್ಮ ಫೋನಿನಿಂದ, ನಮ್ಮ ಡಬರಿಯಿಂದ, ನಮಗೇ ಎಂದು ಬಂದಿತ್ತು.

“ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು” ಎಂದು ನಮ್ಮ ಕಡೆ ಗಾದೆ. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ನೋಡಿದವರಿಗೆ ಆ ಮಾತು ಏಕೆ ಹುಟ್ಟಿತೆಂದು ತಿಳಿಯುತ್ತದೆ. ಅವತ್ತು ಉಜ್ಜಿನಿಯವನು ಆ ಗಾದೆಯನ್ನು ಬೇರೆ ಅರ್ಥದಲ್ಲಿ ಹೇಳಿದ. “ನಾವು ಇಷ್ಟು ದಿನ ಹೊರಗೇ ನಿಂತ್ಕಂಡಿದ್ವಿ ನೋಡ್ರಲೇ. ಒಳಗೇ ಹೋಗಿರ್ಲಿಲ್ಲ.”

ಮುಂದಿನ ಭಾನುವಾರ ಐದೂ ಜನ ಕೋಗಳಿಯ ಬಸ್ಸು ಹತ್ತಿದೆವು. ಅಜ್ಜನಿಗೆ ಈ ಹಾಡು ಕೇಳಿಸಬೇಕು. ಹಡಗಲಿಯವನು ದಾರಿಯಲ್ಲಿ ಅಂಜಿದ್ದ: ಡ್ರಮ್ಮು ಬಡಿದು ಶರೀಫಜ್ಜನನ್ನು ಕೆಡಿಸಿದ್ದಾರೆ ಅಂತ ಬೈದರೆ? ಅವನ ಅಪ್ಪ ನಾಟಕದವರು, ಎಂ.ಪಿ. ಪ್ರಕಾಶ್ ಕಟ್ಟಿದ ಹಡಗಲಿಯ ರಂಗಭಾರತಿಯ ನಾಟಕಗಳನ್ನು ನೋಡುತ್ತಾ ಬೆಳೆದವರು. ಹಿರಿಯರ ಮುಂದೆ ಹಳೆಯ ಮಟ್ಟನ್ನು ಮುರಿದರೆ ಏನಾಗುತ್ತದೆಂದು ಅವನು ಮನೆಯಲ್ಲೇ ಕಂಡವನು.

ಅಜ್ಜ ಅಂಗಳದ ಬೇವಿನ ಕೆಳಗೆ ಹಗ್ಗ ಹೊಸೆಯುತ್ತಾ ಕೂತಿದ್ದರು. ಫೋನನ್ನು ಕಂಚಿನ ತಂಬಿಗೆಯೊಳಗೆ ಇಟ್ಟು ಹಾಡು ಹಚ್ಚಿದೆವು. ಹೊಸೆಯುವ ಕೈ ನಿಂತಿತು. ಪೂರ್ತಿ ಕೇಳಿದರು. “ಇನ್ನೊಮ್ಮೆ ಹಚ್ರಪಾ” ಎಂದರು. ಎರಡನೆಯ ಸಲ ಕೇಳುವಾಗ ಅಂಗೈ ಮಂಡಿಯ ಮೇಲೆ ತಾಳ ಹಾಕುತ್ತಿತ್ತು.

“ಮಟ್ಟು ಬ್ಯಾರೆ ಐತೆ. ಇರ್ಲಿ, ಮಟ್ಟು ಊರಿಗೊಂದು. ಹುಡುಗ ದನಿ ಬಿಟ್ಟು ಹಾಡ್ಯಾನೆ. ಅಂಜಿಲ್ಲ,” ಎಂದರು. ನಮ್ಮ ಎದೆ ಹಗುರಾಯಿತು. ಆಮೇಲೆ ನಮ್ಮ ಐವರನ್ನೂ ಒಬ್ಬೊಬ್ಬರಾಗಿ ನೋಡಿ ಕೇಳಿದರು: “ಅಲ್ರಪಾ, ಸೊಲ್ಲು ಹಿಡಿಯೋರು ಯಾರು?”

ನಮಗೆ ಅರ್ಥವಾಗಲಿಲ್ಲ. ಅಜ್ಜ ತಿಳಿಸಿಕೊಟ್ಟರು. ಭಜನೆಯಲ್ಲಿ ಮುಂದೆ ಹಾಡುವವನು ಒಬ್ಬ. ಅವನು ಸೊಲ್ಲು ಎತ್ತಿಕೊಡುತ್ತಾನೆ, ಹಿಂದಿನವರು ಅದನ್ನು ಹಿಡಿಯಬೇಕು. ಹಿಡಿದು ಮತ್ತೆ ಅವನ ಕೈಗೆ ಕೊಡಬೇಕು. ಮುಂದೆ ಹಾಡುವವನು ಉಸಿರು ತೆಗೆದುಕೊಳ್ಳುವುದು ಆ ಹೊತ್ತಿನಲ್ಲೇ. ಹಿಡಿಯುವವರು ಗಟ್ಟಿಯಿದ್ದರೆ ಮುದುಕನೂ ಬೆಳಗಿನ ತನಕ ಹಾಡುತ್ತಾನೆ. ಹಿಡಿಯುವವರಿಲ್ಲದಿದ್ದರೆ ಹರೆಯದವನೂ ಮೂರು ಪದಕ್ಕೆ ಕೂತುಬಿಡುತ್ತಾನೆ. ನಮ್ಮ ಮೇಳದಲ್ಲಿ ಈಗ ಹಿಡಿಯುವವರು ನಾಲ್ಕೇ ಜನ, ನಾಲ್ಕೂ ಅರವತ್ತು ದಾಟಿದವರು ಎಂದರು. ದೂರಿನ ದನಿ ಅದಾಗಿರಲಿಲ್ಲ. ಮಳೆ ಕಡಿಮೆಯಾಯಿತು ಎಂದು ರೈತ ಹೇಳುವ ಹಾಗೆ ಇದ್ದದ್ದನ್ನು ಹೇಳಿದರು.

ಆಮೇಲೆ ನಮ್ಮನ್ನು ಸಾಲಾಗಿ ಕೂರಿಸಿದರು. ತಮ್ಮ ಮಟ್ಟಿನಲ್ಲಿ ಸೊಲ್ಲು ಎತ್ತಿಕೊಟ್ಟರು. ಹಿಡಿದೆವು. ಹರಪನಹಳ್ಳಿಯವನ ದನಿ ಬಿರುಸು, ಉಜ್ಜಿನಿಯವನದು ನಾಲ್ಕು ಹೆಜ್ಜೆ ಹಿಂದೆ. “ಓಡಬ್ಯಾಡ. ಬಂಡಿ ಗಾಲಿ ಎರಡೂ ಒಟ್ಟಿಗೇ ಉರುಳ್ಬೇಕು,” ಎಂದು ಅಜ್ಜ ತೊಡೆ ತಟ್ಟಿ ತೋರಿಸಿದರು. ಆರೇಳು ಸಲ ಆದ ಮೇಲೆ ಐದು ದನಿ ಒಂದಾದ ಗಳಿಗೆ ಬಂತು. ಯಾರ ದನಿ ಯಾವುದು ಎಂದು ನಮಗೇ ತಿಳಿಯಲಿಲ್ಲ. ಕೋಗಳಿಯವನ ಅವ್ವ ಒಳಗಿನಿಂದ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು. ಆ ಮಧ್ಯಾಹ್ನದ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿಯ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ.

ಅಂದಿನಿಂದ ನಾವು ಟಿವಿಯ ಹಾಡು ಕೇಳುವ ರೀತಿಯೇ ಬೇರೆಯಾಯಿತು. ಯಾವ ತಂಡ ಬಂದರೂ ಮೊದಲು ನೋಡುತ್ತಿದ್ದುದು ಹಿಂದಿರುವವರನ್ನು. ಡ್ರಮ್ಮಿನವನು ಯಾವಾಗ ತಲೆಯೆತ್ತಿ ಹಾಡುವವನನ್ನು ನೋಡುತ್ತಾನೆ, ಬೇಸ್ ಗಿಟಾರಿನವನು ಎಲ್ಲಿ ಸೊಲ್ಲು ಹಿಡಿಯುತ್ತಾನೆ ಎಂದು ಬೆರಳು ಮಾಡಿ ತೋರಿಸುತ್ತಿದ್ದೆವು. 2009ರಲ್ಲಿ ಸ್ವರಾತ್ಮ ತಂಡದ ಮೊದಲ ಆಲ್ಬಮ್ ಬಂತು. ಅದರ ಮುಂಗಾಯಕ ವಾಸು ದೀಕ್ಷಿತ್ ರಘು ದೀಕ್ಷಿತರ ತಮ್ಮ. ವೇದಿಕೆಯ ಮೇಲೆ ಬಣ್ಣದ ಬಟ್ಟೆ ತೊಟ್ಟು, ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣಿಯುತ್ತಿದ್ದ ಅವರನ್ನು ಕಂಡು ಅಂಗಡಿಯ ಅಣ್ಣ ಕೂಡ, “ಏ, ಇದು ಜಾತ್ರೆ ಕುದುರೆ!” ಎಂದು ಜರಡಿ ಹಿಡಿದೇ ಹೊರಬಂದಿದ್ದ. ಕೋಣೆಯಲ್ಲಿ ನಮ್ಮದೇ ಮೇಳ ಶುರುವಾಗಿತ್ತು. ಹಡಗಲಿಯವನು ಊರಿನಿಂದ ಎತ್ತಿನ ಕೊರಳ ಗೆಜ್ಜೆಸರ ತಂದು ಕಾಲಿಗೆ ಕಟ್ಟಿಕೊಂಡ. ಹರಪನಹಳ್ಳಿಯವನು ನೀರಿನ ಕ್ಯಾನನ್ನೇ ಡ್ರಮ್ಮು ಮಾಡಿಕೊಂಡ. ಕೋಗಳಿಯವನು ಮುಂದೆ, ನಾವು ನಾಲ್ವರು ಹಿಂದೆ. ಮನೆಯೊಡತಿ ಅಮ್ಮ ಮೊದಮೊದಲು ಗದರಿದವರು ಆಮೇಲೆ ಸೋಮವಾರ ಸಂಜೆ ತಾವೇ ಬಾಗಿಲಲ್ಲಿ ಕೂತು, “ಶರೀಫಜ್ಜಂದು ಒಂದು ಹೇಳ್ರಪ್ಪಾ” ಎನ್ನುತ್ತಿದ್ದರು.

2010ರಲ್ಲಿ ಡಿಗ್ರಿ ಮುಗಿಯಿತು. ಕೋಣೆ ಖಾಲಿ ಮಾಡಿದ ದಿನ ಡಬರಿಗಳನ್ನು ಯಾರು ಒಯ್ಯಬೇಕೆಂಬ ವಿಚಾರದಲ್ಲಿ ಬಹಳ ಹೊತ್ತು ನಿಂತಿದ್ದೆವು. ಕೊನೆಗೆ ಹಾಡು ಕೇಳಿದ ಡಬರಿ ಕೋಗಳಿಯವನಿಗೆ, ಹನಿ ಹಿಡಿದದ್ದು ನನಗೆ ಬಂತು. ಅದೇ ವರ್ಷದ ಕೊನೆಗೆ ನಾನು ಹೊಸಪೇಟೆಯಲ್ಲಿ ಕೆಲಸಕ್ಕಿದ್ದಾಗ ಅಣ್ಣನ ಫೋನು ಬಂತು. ರಘು ದೀಕ್ಷಿತ್ ತಂಡ ಲಂಡನ್ನಿನ ಬಿಬಿಸಿ ಟಿವಿಯಲ್ಲಿ ಹಾಡಿದೆ, ಜೂಲ್ಸ್ ಹಾಲ್ಯಾಂಡ್ ನಡೆಸುವ ಕಾರ್ಯಕ್ರಮದಲ್ಲಿ, ಬೇಗ ನೋಡು ಎಂದ. ದೇಶದೇಶದ ದೊಡ್ಡ ತಂಡಗಳು ಬಂದು ಹಾಡುವ ಜಾಗ ಅದು. ನೆಟ್ ಸೆಂಟರಿನಲ್ಲಿ ಕೂತು ನೋಡಿದೆ. ನಾಲ್ಕು ನಿಮಿಷದ ಹಾಡು ನಿಂತು ನಿಂತು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಪರದೆಯ ಮೇಲೆ ಅದೇ ಲುಂಗಿ, ಅದೇ ಗೆಜ್ಜೆ. ಪಕ್ಕದಲ್ಲಿ ಒಬ್ಬನಾದರೂ ಇದ್ದಿದ್ದರೆ ಎನಿಸಿತು. ನಾಲ್ವರಿಗೂ ಫೋನ್ ಮಾಡಿದೆ. ಒಬ್ಬ ದಾವಣಗೆರೆಯಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಇಬ್ಬರು ಊರಿನಲ್ಲಿ. ಎಲ್ಲರಿಗೂ ಹೇಳಿದ್ದು ಒಂದೇ ಮಾತು: “ನಮ್ಮವನು ಬಿಬಿಸಿ ಹಿಡಿದ್ನಲೇ!” ಮಂಡಕ್ಕಿ ಅಂಗಡಿಯ ಟಿವಿ ಹಿಡಿದವನು ಬಿಬಿಸಿ ಹಿಡಿಯುವುದು ನಮಗೆ ಸಹಜವೇ ಆಗಿತ್ತು.

ಎರಡು ವರ್ಷದ ಮೇಲೆ ಒಂದು ಬೇಸಿಗೆಯಲ್ಲಿ ಕೋಗಳಿಯ ಅಜ್ಜ ತೀರಿಕೊಂಡರು. ಸುದ್ದಿ ಬಂದಾಗ ಸಂಜೆ. ನಾವು ನಾಲ್ವರೂ ನಾಲ್ಕು ದಿಕ್ಕಿನಿಂದ ಬಸ್ಸು ಹತ್ತಿ ರಾತ್ರಿ ಹತ್ತರ ಹೊತ್ತಿಗೆ ಕೋಗಳಿ ಸೇರಿದೆವು. ನಮ್ಮ ಕಡೆಯ ಪದ್ಧತಿಯಂತೆ ಅಜ್ಜನನ್ನು ಗೋಡೆಗೆ ಒರಗಿಸಿ ಕೂರಿಸಿ, ರುಮಾಲು ಸುತ್ತಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಎದುರಿಗೆ ಮೇಳ ಕೂತಿತ್ತು. ರಾತ್ರಿಯಿಡೀ ಭಜನೆ ನಡೆಯಬೇಕು. ಹಾಡಿ ಹಾಡಿ ಮುಂದಿನ ಸಾಲನ್ನು ಅಜ್ಜನಿಗೆ ಕೊಡುತ್ತಿದ್ದ ಮೇಳ ಅಂದು ಅಜ್ಜನ ಮುಂದೆಯೇ ಹಾಡುತ್ತಿತ್ತು. ಹಿಡಿಯುವವರು ಮೂರೇ ಜನ ಉಳಿದಿದ್ದರು. ನಡುರಾತ್ರಿ ದಾಟಿದಾಗ ಅವರ ದನಿ ಕಟ್ಟತೊಡಗಿತು. ಹಾರ್ಮೋನಿಯಮ್ಮಿನ ಹಿರಿಯರು ಸುತ್ತ ನೋಡಿದರು.

ಕೋಗಳಿಯವನು ತಾಳ ತೆಗೆದುಕೊಂಡು ಕೂತ. ನಾವು ನಾಲ್ವರು ಅವನ ಪಕ್ಕ ಸರಿದು ಕೂತೆವು. ಸೋರುವ ಮಾಳಿಗೆಯ ಪದವನ್ನು ಅಜ್ಜನ ಮಟ್ಟಿನಲ್ಲಿ ಅವನು ಎತ್ತಿದ. ನಾವು ಹಿಡಿದೆವು. ಬಂಡಿಯ ಗಾಲಿ ಎರಡೂ ಒಟ್ಟಿಗೆ ಉರುಳಿದವು. ಆ ಮೂವರು ಹಿರಿಯರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಕೋಳಿ ಕೂಗುವ ತನಕ ಸೊಲ್ಲು ಕೆಳಗೆ ಬೀಳಲಿಲ್ಲ. ಗುಡುಗುಡಿಯ ಪದಕ್ಕೆ ಮಾತ್ರ ನಮಗೆ ಅಜ್ಜನ ಮಟ್ಟು ಗೊತ್ತಿರಲಿಲ್ಲ. ಮೆಮೊರಿ ಕಾರ್ಡಿನ ಮಟ್ಟಿನಲ್ಲೇ ಹಾಡಿದೆವು. ದಮ್ಮಡಿಯವರು ಒಂದು ಸುತ್ತು ಸುಮ್ಮನಿದ್ದು ಕೇಳಿ, ಎರಡನೇ ಸುತ್ತಿಗೆ ಕೈ ಕೂಡಿಸಿದರು.

ಬೆಳಿಗ್ಗೆ ಚಹಾ ಕೊಡುವಾಗ ಹಾರ್ಮೋನಿಯಮ್ಮಿನ ಹಿರಿಯರು ಕೇಳಿದರು, “ಯಾರ ಹತ್ರ ಕಲ್ತ್ರಪ್ಪಾ ಸೊಲ್ಲು ಹಿಡಿಯೋದು?”

“ಅರ್ಧ ಅಜ್ಜನ ಹತ್ರ,” ಎಂದ ಉಜ್ಜಿನಿಯವನು. “ಅರ್ಧ ಟಿವಿ ಹತ್ರ.”

ಹಿರಿಯರು ತಲೆಯಾಡಿಸಿ, ಹಾರ್ಮೋನಿಯಮ್ಮಿನ ತಿದಿ ಮುಚ್ಚಿ ಚಿಲಕ ಹಾಕಿದರು. “ಅಮಾಸೆಗೆ ಬರ್ರಿ,” ಎಂದರು.

ಕೊಟ್ಟೂರು ಸ್ವಂತ ತಾಲ್ಲೂಕಾಗಿ, ಆಮೇಲೆ 2021ರಲ್ಲಿ ವಿಜಯನಗರ ಜಿಲ್ಲೆಯಾಗಿ, ಹರಪನಹಳ್ಳಿಯವನೂ ಈಗ ನಮ್ಮ ಜಿಲ್ಲೆಯವನು. ಎಲ್ಲ ಅಮಾವಾಸ್ಯೆಗೂ ಐದೂ ಜನ ಸೇರಲು ಆಗುವುದಿಲ್ಲ. ಕೆಲವೊಮ್ಮೆ ಇಬ್ಬರು, ಕೆಲವೊಮ್ಮೆ ಮೂವರು. ಬಸ್ಸಿಳಿದು ಗುಡಿಯ ಕಡೆಗೆ ನಡೆಯುವಾಗ ಕತ್ತಲಲ್ಲಿ ದೂರದಿಂದ ಮೊದಲು ತಾಳ ಕೇಳಿಸುತ್ತದೆ, ಆಮೇಲೆ ಕೋಗಳಿಯವನ ದನಿ. ಅವನು ಸೊಲ್ಲು ಎತ್ತಿರುತ್ತಾನೆ. ಕಟ್ಟೆ ಮುಟ್ಟುವ ಮೊದಲೇ, ದಾರಿಯಲ್ಲೇ, ನಾವು ಹಿಡಿಯುತ್ತೇವೆ.